ದುಡಿ ಕೇಳಿಸಿತು, ನೇಗಿಲು ಕಾಣಿಸಲಿಲ್ಲ

ಕೆಲವು ಸಿನಿಮಾಗಳನ್ನು ನೋಡುವುದಕ್ಕೆ ಮೊದಲೇ ಗೌರವಿಸಲು ನಮಗೆ ಕಲಿಸಿಬಿಟ್ಟಿರುತ್ತಾರೆ. ‘ಚೋಮನ ದುಡಿ’ ಅಂಥದ್ದು. ಬಿ.ವಿ. ಕಾರಂತರ ನಿರ್ದೇಶನ, 1975ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ, ಚೋಮನಾಗಿ ಅಭಿನಯಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗರಿಗೆ ಇದಿಷ್ಟೂ ಬಾಯಿಪಾಠ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಎಂ.ಎ.ಯಲ್ಲಿ ಓದಿದ್ದೆ, ಅದರ ಮೇಲೆ ಟಿಪ್ಪಣಿ ಬರೆದಿದ್ದೆ. ಸಿನಿಮಾ ಮಾತ್ರ ನೋಡಿರಲಿಲ್ಲ. ಹಾಗಂತ ಸಿನಿಮಾ ಹುಚ್ಚು ಇರಲಿಲ್ಲ ಅಂತಲ್ಲ. ಹಾಸ್ಟೆಲಿನಲ್ಲಿ ಒಂದೇ ಮೊಬೈಲನ್ನು ಬಕೀಟಿಗೆ ಒರಗಿಸಿಟ್ಟು ನಾಲ್ಕು ಜನ ಒಟ್ಟಿಗೆ ಸಿನಿಮಾ ನೋಡಿ ಬೆಳೆದವರು ನಾವು. ನಾಗರಾಜ ಮಂಜುಳೆಯ ‘ಫ್ಯಾಂಡ್ರಿ’ (2013), ಮಾರಿ ಸೆಲ್ವರಾಜ್‌ನ ‘ಪರಿಯೇರುಂ ಪೆರುಮಾಳ್’ (2018), ವೆಟ್ರಿಮಾರನ್‌ನ ‘ಅಸುರನ್’ (2019), ಇವುಗಳಲ್ಲಿ ಕಣ್ಣು ಪಳಗಿಸಿಕೊಂಡ ಮೇಲೆ, ಮೇಷ್ಟರ ಕೆಲಸಕ್ಕೆ ಸೇರಿದ ಮೇಲೆ, ಚೋಮನ ಎದುರು ಕೂತೆ. ಮೊದಲು ಒಬ್ಬನೇ, ಆಮೇಲೆ ಎರಡನೇ ವರ್ಷದ ಬಿ.ಎ. ಹುಡುಗರ ಜೊತೆ.

ಚರಿತ್ರೆಯ ಕ್ರಮದಲ್ಲಿ ನೋಡಿದರೆ ಇದು ಹಿಂದುಮುಂದು. ಆದರೆ ನನ್ನ ತಲೆಮಾರಿನ ದಲಿತ ಪ್ರೇಕ್ಷಕನ ಕ್ರಮವೇ ಇದು. ದಲಿತರೇ ಕ್ಯಾಮೆರಾ ಹಿಡಿದ ಚಿತ್ರಗಳನ್ನು ಮೊದಲು ನೋಡಿ, ದಲಿತರ ಬಗ್ಗೆ ಬೇರೆಯವರು ಮಾಡಿದ ‘ಕ್ಲಾಸಿಕ್’ಗಳಿಗೆ ಆಮೇಲೆ ಬರುವುದು. ಹಿಂದಿನವರಿಗೆ ಇದು ಮೊದಲ ಬೆರಗಾಗಿತ್ತು. ನಮಗೆ ತಡವಾಗಿ ಬಂದ ಹಳೆಯ ದಾಖಲೆ. ಹಾಗಾಗಿ ನಾವು ಕೇಳುವ ಪ್ರಶ್ನೆಗಳೂ ಬೇರೆ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಚಿತ್ರ ನಿಜವಾಗಿಯೂ ದೊಡ್ಡದು. ನಾನು ನೋಡಿದ ಪ್ರತಿ ಸವೆದದ್ದು, ಕಪ್ಪುಬಿಳುಪು ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು, ಮಾತು ಅಲ್ಲಲ್ಲಿ ಗೊರಗೊರ ಅನ್ನುತ್ತಿತ್ತು. ಆದರೂ ವಾಸುದೇವರಾಯರ ಮೈಯಿದೆಯಲ್ಲ, ಆ ಒಣಗಿದ ಎದೆ, ಆ ಕಾಲು, ಧಣಿಯ ಮುಂದೆ ತಾನಾಗಿಯೇ ಕುಗ್ಗುವ ಆ ಬೆನ್ನು, ಅದು ಅಭಿನಯ ಅನ್ನಿಸುವುದಿಲ್ಲ. ಬೆನ್ನು ಹೀಗೆ ಬಗ್ಗುವುದನ್ನು ನಮ್ಮ ಕೇರಿಯ ಹಿರಿಯರಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಬಗ್ಗಬೇಕು ಅಂತ ಯಾರೂ ಹೇಳಬೇಕಾಗಿಲ್ಲ. ಗೌಡರ ಜಗಲಿ ಹತ್ತಿರವಾದಂತೆ ಅದು ತಾನೇ ಬಗ್ಗುತ್ತದೆ. ದಲಿತನಲ್ಲದ ನಟನೊಬ್ಬ ಇದನ್ನು ಎಲ್ಲಿ ಕಲಿತ? ನೋಡಿ ಕಲಿತಿರಬೇಕು. ಅಷ್ಟು ಸೂಕ್ಷ್ಮವಾಗಿ ನೋಡುವವರು ಆ ಕಾಲದಲ್ಲಿ ಇದ್ದರು ಅನ್ನುವುದು ಸಣ್ಣ ಮಾತಲ್ಲ. ಬರೆದವರು, ನಿರ್ದೇಶಿಸಿದವರು ಇಬ್ಬರೂ ಅದೇ ದಕ್ಷಿಣ ಕನ್ನಡ ಜಿಲ್ಲೆಯ ಬ್ರಾಹ್ಮಣ ಮನೆಗಳಲ್ಲಿ ಹುಟ್ಟಿದವರು. ಹುಟ್ಟನ್ನೇ ಹಿಡಿದು ಕೃತಿಯನ್ನು ಅಳೆದು ಎಸೆಯುವುದು ವಿಮರ್ಶೆಯಲ್ಲ. ನನ್ನ ಪ್ರಶ್ನೆ ಇಷ್ಟೇ: ಈ ಚಿತ್ರದಲ್ಲಿ ಏನನ್ನು ಕೇಳಿಸಿಕೊಳ್ಳಲು ನಮಗೆ ಕಲಿಸಲಾಯಿತು, ಏನನ್ನು ಬಿಟ್ಟುಬಿಡಲು ಕಲಿಸಲಾಯಿತು?

ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಚೋಮ ಮೂಲದಾಳು, ಧಣಿ ಸಂಕಪ್ಪಯ್ಯನ ಮನೆಗೆ ದುಡಿಯುವವನು. ಕಾಡಿನಲ್ಲಿ ಸಿಕ್ಕ ಒಂದು ಜೊತೆ ಎತ್ತುಗಳನ್ನು ಸಾಕಿಕೊಂಡಿದ್ದಾನೆ. ತನಗೂ ಒಂದು ತುಂಡು ಗದ್ದೆ ಸಿಕ್ಕಿ ಉಳಬೇಕು ಅನ್ನುವುದೇ ಆಸೆ. ಹೊಲೆಯ ಬೇಸಾಯಗಾರನಾಗುವುದು ಉಂಟೇ? ಕೊಡಲು ಧಣಿಯ ಮನಸ್ಸು ತುಸು ಅತ್ತಿತ್ತ ಆಡಿದರೂ ಅವನ ತಾಯಿ ಸುತರಾಂ ಒಪ್ಪುವುದಿಲ್ಲ. ಕಾಫಿ ತೋಟದ ಸಾಲ ಕತ್ತಿನ ಮೇಲಿದೆ. ಅದನ್ನು ತೀರಿಸಲು ಹೋದ ಇಬ್ಬರು ಗಂಡುಮಕ್ಕಳಲ್ಲಿ ಚನಿಯ ರೋಗ ಬಂದು ಸಾಯುತ್ತಾನೆ, ಗುರುವ ಕ್ರೈಸ್ತರ ಹುಡುಗಿಯನ್ನು ಮೆಚ್ಚಿ ಅಲ್ಲೇ ಉಳಿಯುತ್ತಾನೆ. ಮಗಳು ಬೆಳ್ಳಿ ಹೋಗುತ್ತಾಳೆ. ಕಿರಿಯ ಮಗ ಹೊಳೆಯಲ್ಲಿ ಮುಳುಗಿ ಸಾಯುವಾಗ ದಡದಲ್ಲಿದ್ದವರು ಮೈಲಿಗೆಗೆ ಹೆದರಿ ನೋಡುತ್ತಾ ನಿಲ್ಲುತ್ತಾರೆ. ಕೊನೆಗೆ ಚೋಮ ಗುಡಿಸಲಿನ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಬಾರಿಸುತ್ತಾ ಪ್ರಾಣ ಬಿಡುತ್ತಾನೆ.

ಈ ದುಡಿಯ ಬಗ್ಗೆ ನಮ್ಮ ತರಗತಿಗಳಲ್ಲಿ ಎಷ್ಟು ಮಾತಾಡಿದ್ದೇವೆ! ‘ದುಡಿ ಒಂದು ಪ್ರತಿಮೆಯಾಗಿ’ ಅನ್ನುವುದು ಸವೆದುಹೋದ ಪ್ರಶ್ನೆ. ಉತ್ತರವೂ ಸಿದ್ಧ: ದುಡಿ ಚೋಮನ ದುಃಖ, ಸಿಟ್ಟು, ಮೂಕವೇದನೆಗಳ ದನಿ. ಸರಿ. ಆದರೆ ಸ್ವಲ್ಪ ನಿಂತು ಯೋಚಿಸಿ. ಚೋಮನಿಗೆ ದುಡಿ ಬಾರಿಸಬೇಡ ಅಂತ ಯಾರಾದರೂ ಹೇಳಿದ್ದರೇ? ಇಲ್ಲ. ಹೊಲೆಯ ಬಾರಿಸುವುದಕ್ಕೆ ಈ ಸಮಾಜ ಎಂದೂ ಅಡ್ಡಿ ಮಾಡಿಲ್ಲ. ಅಡ್ಡಿ ಮಾಡಿದ್ದು ಉಳುವುದಕ್ಕೆ. ನಿಷೇಧವಿದ್ದದ್ದು ನೇಗಿಲಿಗೆ, ಪರವಾನಗಿ ಇದ್ದದ್ದು ದುಡಿಗೆ. ಹೀಗಿರುವಾಗ ನಮ್ಮ ವಿಮರ್ಶೆಯ ಕಿವಿಯೆಲ್ಲ ಪರವಾನಗಿ ಇದ್ದ ವಸ್ತುವಿನ ಕಡೆಗೇ ತಿರುಗಿತಲ್ಲ, ಇದೇನು ಆಕಸ್ಮಿಕವೇ?

ಚಿತ್ರದ ಕೊನೆಯ ಭಾಗದಲ್ಲಿ, ದುಡಿ ಹಿಡಿದು ಕೂರುವ ಮೊದಲು, ಚೋಮ ಇನ್ನೊಂದು ಕೆಲಸ ಮಾಡುತ್ತಾನೆ. ಅದೇ ಎತ್ತು ಕಟ್ಟಿ ಒಂದು ತುಂಡು ನೆಲ ಉಳುತ್ತಾನೆ. ಯಾರ ಅಪ್ಪಣೆಯೂ ಇಲ್ಲ, ಗೇಣಿ ಚೀಟಿಯಿಲ್ಲ. ಉತ್ತು, ಆ ಎತ್ತುಗಳನ್ನು ಕಾಡಿಗೆ ಅಟ್ಟಿಬಿಡುತ್ತಾನೆ. ಮೊದಲ ಸಲ ಒಬ್ಬನೇ ನೋಡುವಾಗ ಇಲ್ಲಿ ನಾನು ಎದ್ದು ನಿಂತೆ. ಅಲ್ಲಿಯತನಕ ನೋಡಿದ್ದು ಒಬ್ಬ ಸೋಲುತ್ತಾ ಹೋಗುವ ಮನುಷ್ಯನ ಕಥೆ. ಇಲ್ಲಿ ಮಾತ್ರ ಕಾನೂನು ಮುರಿಯುವ ಮನುಷ್ಯನೊಬ್ಬ ಕಾಣಿಸಿದ. ಶಾಸ್ತ್ರ, ರೂಢಿ, ಧಣಿ, ಧಣಿಯ ತಾಯಿ, ಎಲ್ಲರೂ ಸೇರಿ ಹಾಕಿದ್ದ ಗೆರೆಯ ಮೇಲೆ ಅವನು ನೇಗಿಲು ಹೊಡೆದ. ಅದರಿಂದ ಬೆಳೆ ಬರುವುದಿಲ್ಲ ಅಂತ ಅವನಿಗೆ ಗೊತ್ತು. ಸಾಯುವ ಮುಂಚೆ ಒಮ್ಮೆ ಉತ್ತು ತೋರಿಸಬೇಕಿತ್ತು, ತೋರಿಸಿದ. ಚಿತ್ರ ಇದನ್ನು ಒಳಗಿಟ್ಟುಕೊಂಡಿದೆ. ಚಿತ್ರವನ್ನು ಕೊಂಡಾಡಿದವರು ಮಾತ್ರ ಇದನ್ನು ದಾಟಿ ಸೀದಾ ದುಡಿಯ ಕಡೆಗೆ ಓಡಿದರು.

ಓಡಿದ್ದಕ್ಕೆ ಕಾರಣವಿದೆ. ದುಡಿ ಕೇಳಿ ಕರುಳು ಕಿವುಚಿದಂತಾಗಿ ಚಿತ್ರಮಂದಿರದಿಂದ ಹೊರಗೆ ಬರಬಹುದು. ಅದಕ್ಕೆ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ನೇಗಿಲನ್ನು ನೋಡಿದರೆ ಜಮೀನಿನ ಮಾತು ಬರುತ್ತದೆ. ಜಮೀನಿನ ಮಾತು ಬಂದರೆ ಯಾರದ್ದು, ಎಷ್ಟು ಎಕರೆ ಅನ್ನುವ ಮಾತೂ ಬರುತ್ತದೆ. 1975ನ್ನು ನೆನಪಿಸಿಕೊಳ್ಳಿ. ಅದಕ್ಕೆ ಎರಡು ವರ್ಷದ ಹಿಂದೆ, 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ಬಿ. ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡಿದ್ದರು, ಹಾಸ್ಟೆಲಿನ ಹುಡುಗರು ಪೆಟ್ಟು ತಿಂದಿದ್ದರು. ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಹುಟ್ಟಿತ್ತು. ದೇವನೂರರ ‘ದ್ಯಾವನೂರು’ ಬಂದಿತ್ತು, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅದೇ 1975ರಲ್ಲಿ ಬಂತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಲ್ಲಿತ್ತು. ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಊರೂರಿನ ಗೋಡೆ ಮೇಲೆ. ದಕ್ಷಿಣ ಕನ್ನಡದಲ್ಲಂತೂ ಗೇಣಿ ಒಕ್ಕಲುಗಳು ದೊಡ್ಡ ಸಂಖ್ಯೆಯಲ್ಲಿ ಡಿಕ್ಲರೇಷನ್ ಹಾಕಿ ಭೂಮಿಯ ಒಡೆಯರಾದರು. ಇದು ನಿಜವಾದ, ದೊಡ್ಡ ಬದಲಾವಣೆ. ಅಲ್ಲಗಳೆಯುವಂತಿಲ್ಲ.

ಆದರೆ ಚೋಮನಿಗೆ ಸಿಗುತ್ತಿತ್ತೇ? ಕಾನೂನು ಕೇಳಿದ್ದು ‘ನೀನು ಗೇಣಿದಾರನೋ’ ಅಂತ. ಚೋಮ ಗೇಣಿದಾರನಲ್ಲ. ಗೇಣಿಗೆ ಕೊಡಿ ಅಂತ ಬೇಡಿಕೊಂಡವನು, ಬೇಡಿದ್ದಕ್ಕೆ ‘ನಿನಗೆ ಯೋಗ್ಯತೆ ಇಲ್ಲ’ ಅನ್ನಿಸಿಕೊಂಡವನು. ಉಳಲು ಬಿಡದವನಿಗೆ ‘ಉಳುವವನೇ ಒಡೆಯ’ ಅನ್ನುವ ಕಾನೂನಿನಿಂದ ಏನು ಸಿಗಬೇಕು? ಗೇಣಿ ಮಾಡುತ್ತಿದ್ದ ಶೂದ್ರ ಒಕ್ಕಲು ಒಡೆಯನಾದ. ಆ ಒಕ್ಕಲಿನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ಚೋಮ ಕೂಲಿಯಾಗಿಯೇ ಉಳಿದ, ಧಣಿ ಮಾತ್ರ ಬದಲಾದ. ಜೀತ ರದ್ದತಿಯ ಸುಗ್ರೀವಾಜ್ಞೆ ಅದೇ 1975ರ ಕೊನೆಗೆ ಬಂತು, 1976ರಲ್ಲಿ ಕಾಯ್ದೆಯಾಯಿತು. ಸಾಲವೇನೋ ಹೋಯಿತು, ನೆಲ ಬರಲಿಲ್ಲ. ಇಷ್ಟೆಲ್ಲ ಹೊರಗೆ ನಡೆಯುತ್ತಿರುವಾಗ ಒಳಗೆ ಪರದೆಯ ಮೇಲೆ ಚೋಮ ಉಳುತ್ತಿದ್ದ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ ಈ ಚಿತ್ರ ಕರುಣಾಜನಕ ಕಥೆಯಾಗಿ ಅಲ್ಲ, ಅರಸರ ಸುಧಾರಣೆಯ ಎದುರು ಹಾಕಿದ ಒಂದು ತಕರಾರು ಅರ್ಜಿಯಾಗಿ ಕಾಣಿಸುತ್ತಿತ್ತು. ‘ಮಾನವನ ದುರಂತ’, ‘ವಿಧಿಯ ವಿರುದ್ಧ ಹೋರಾಟ’ ಅಂತೆಲ್ಲ ಅಂದರು. ವಿಧಿ ಅಂತೆ! ವಿಧಿಗೆ ಪಟ್ಟಾ ಇರುತ್ತದೆಯೇ?

‘ಅಸುರನ್’ ನೋಡಿದವರಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಅಲ್ಲಿ ಜಗಳವಿರುವುದು ಮೂರು ಎಕರೆಗೆ. ಬ್ರಿಟಿಷರ ಕಾಲದಲ್ಲಿ ದಲಿತರಿಗೆ ಅಂತ ಮೀಸಲಿಟ್ಟ ಪಂಚಮಿ ಭೂಮಿಯ ಮಾತು ಅದರಲ್ಲಿ ನೇರವಾಗಿ ಬರುತ್ತದೆ. ಧನುಷ್‌ನಂಥ ತಾರೆಯನ್ನು ಇಟ್ಟುಕೊಂಡೂ ಚಿತ್ರ ನೆಲದ ಲೆಕ್ಕ ಬಿಡುವುದಿಲ್ಲ. (ರಕ್ತ ಸ್ವಲ್ಪ ಜಾಸ್ತಿಯಾಯಿತು ಅನ್ನುವುದು ಬೇರೆ ಮಾತು.) ಇಂಥದ್ದು ತಮಿಳುನಾಡಿನಲ್ಲಿ ಮಾತ್ರ ಇತ್ತೇ? ಚೋಮನ ಜಿಲ್ಲೆಯಲ್ಲೇ ‘ಡಿ.ಸಿ. ಮನ್ನಾ’ ಅನ್ನುವ ಜಮೀನಿದೆ. ಡಿ.ಸಿ. ಅಂದರೆ ಜಿಲ್ಲಾಧಿಕಾರಿಯಲ್ಲ, ಡಿಪ್ರೆಸ್ಡ್ ಕ್ಲಾಸ್. ಆ ವರ್ಗಗಳಿಗೆ ಅಂತ ಬ್ರಿಟಿಷರ ಕಾಲದಲ್ಲಿ ಕಾದಿರಿಸಿದ ಭೂಮಿ. ಅದನ್ನು ನಮಗೆ ಹಂಚಿ ಅಂತ ದಕ್ಷಿಣ ಕನ್ನಡ, ಉಡುಪಿಯ ದಲಿತ ಸಂಘಟನೆಗಳು ಧರಣಿ ಕೂರುತ್ತಲೇ ಬಂದಿವೆ. ಹಾಗಾದರೆ ಚೋಮ ಕೇಳಿದ್ದು ಕನಸಲ್ಲ, ಹುಚ್ಚು ಹಂಬಲವೂ ಅಲ್ಲ. ಕಾಗದದ ಮೇಲೆ ಅವನಂಥವರ ಹೆಸರಿಗೇ ನೆಲ ಇದ್ದ ಜಿಲ್ಲೆ ಅದು. ನನಗೆ ತಿಳಿದ ಮಟ್ಟಿಗೆ ಯಾವ ಮೇಷ್ಟರೂ ‘ಚೋಮನ ದುಡಿ’ ಪಾಠ ಮಾಡುವಾಗ ಡಿ.ಸಿ. ಮನ್ನಾದ ಹೆಸರೆತ್ತಿದವರಲ್ಲ.

ನಾನು ಬಯಲುಸೀಮೆಯವನು. ನಮ್ಮ ಕಡೆ ದುಡಿ ಇಲ್ಲ, ತಮಟೆ. ನಮ್ಮ ತಾತ ತಮಟೆ ಬಾರಿಸುತ್ತಿದ್ದ. ಊರಹಬ್ಬಕ್ಕೆ, ಸಾವಿಗೆ, ಸಾರು ಹಾಕುವುದಕ್ಕೆ, ಕರೆದಾಗ ಹೋಗಬೇಕು, ಹೋಗದಿದ್ದರೆ ದಂಡ. ಸಂಘದ ಹುಡುಗರು ಬಂದು ಬಾರಿಸಬೇಡಿ ಅಂದಾಗ ಆತ ತಮಟೆಯನ್ನು ಅಟ್ಟದ ಮೇಲೆ ಎಸೆದವನು ಮತ್ತೆ ಇಳಿಸಲಿಲ್ಲವಂತೆ. ಕರಾವಳಿಯಲ್ಲಿ ಕೊರಗರ ಡೋಲಿಗೂ ಅಜಲು ಪದ್ಧತಿಗೂ ಇದ್ದ ಸಂಬಂಧ ಎಂಥದ್ದು, ಅದನ್ನು ತಡೆಯಲು 2000ದಲ್ಲಿ ಒಂದು ಕಾಯ್ದೆಯೇ ಬೇಕಾಯಿತು ಅನ್ನುವುದು ನಿಮಗೆ ಗೊತ್ತು. ಆದ್ದರಿಂದ ವಾದ್ಯ ಅಂದಕೂಡಲೇ ‘ದಲಿತ ಸಂಸ್ಕೃತಿಯ ಜೀವಂತಿಕೆ’ ಅಂತ ತಲೆದೂಗುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಚೋಮನ ಪರವಾಗಿ ಒಂದು ಮಾತು ಮಾತ್ರ ಹೇಳಬೇಕು: ಅವನು ಬಾರಿಸುವುದು ಧಣಿಯ ಅಂಗಳದಲ್ಲಿ ಅಪ್ಪಣೆಗಾಗಿ ಅಲ್ಲ, ತನ್ನ ಗುಡಿಸಲಲ್ಲಿ, ತನ್ನ ಹೊತ್ತಿಗೆ, ತನಗಾಗಿ. ಇಡೀ ದಿನದಲ್ಲಿ ಅವನ ಕೈ ಅವನದ್ದಾಗುವುದು ಆಗ ಮಾತ್ರ. ಆ ಮಟ್ಟಿಗೆ ಅದು ನಮ್ಮ ತಾತನ ತಮಟೆಯಲ್ಲ. ಕಾರಂತರು ಅದನ್ನು ಬಳಸಿರುವ ರೀತಿಯಲ್ಲೂ ಈ ವಿವೇಕವಿದೆ. ಅದು ಕಿವಿಗೆ ಇಂಪಾಗುವುದಿಲ್ಲ, ತಲೆಯ ಮೇಲೆ ಬಡಿಯುತ್ತದೆ.

ಗುರುವನ ವಿಷಯಕ್ಕೆ ಬರುತ್ತೇನೆ. ಹುಡುಗರ ಉತ್ತರ ಪತ್ರಿಕೆಗಳಲ್ಲಿ ಚೋಮನ ಕಷ್ಟಗಳ ಪಟ್ಟಿ ಹೀಗಿರುತ್ತದೆ: ಚನಿಯ ಸತ್ತ, ಗುರುವ ಜಾತಿ ಬಿಟ್ಟ, ನೀಲ ಮುಳುಗಿದ. ಮಧ್ಯದವನು ಬದುಕಿದ್ದಾನಲ್ಲ! ಮೆಚ್ಚಿದವಳ ಜೊತೆ ಇದ್ದಾನೆ. ಅವನನ್ನು ಯಾಕೆ ಸಾವಿನ ಪಟ್ಟಿಗೆ ಸೇರಿಸುತ್ತೇವೆ? ಕಥೆಯ ಧಾಟಿಯೇ ಹಾಗಿದೆ. ಪಾದ್ರಿಗಳ ಧರ್ಮ ಅಂದರೆ ನೆಲದ ಆಮಿಷ, ಅದಕ್ಕೆ ಬಗ್ಗದ ಚೋಮ ನಿಷ್ಠಾವಂತ. ಕಾದಂಬರಿ ಬಂದ ಎರಡೇ ವರ್ಷಕ್ಕೆ, 1935ರಲ್ಲಿ, ಅಂಬೇಡ್ಕರರು ಯೇವಲಾದಲ್ಲಿ ನಾನು ಹಿಂದೂವಾಗಿ ಸಾಯುವುದಿಲ್ಲ ಅಂದರು. 1956ರಲ್ಲಿ ನಾಗಪುರದಲ್ಲಿ ಅದನ್ನು ನಡೆಸಿಯೂ ತೋರಿಸಿದರು. ಕಾದಂಬರಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ, ಅದನ್ನು ದೂರುವುದಿಲ್ಲ. ಚಿತ್ರ ಬಂದದ್ದು ನಾಗಪುರದ 19 ವರ್ಷಗಳ ನಂತರ. ಚೋಮ ತನ್ನ ದೈವವನ್ನು ಬಿಡಲಾರದೆ ನಿಲ್ಲುವುದು ಸಹಜ, ಅವನ ವಯಸ್ಸು ಅಂಥದ್ದು. ಆದರೆ ಹೊರಟುಹೋದ ಮಗನನ್ನು ಬರೀ ನಷ್ಟವೆಂದು ಕಾಣುವ ಕಣ್ಣು ಯಾರದು? ಅಪ್ಪನದೋ, ಧಣಿಯದೋ? ಆಳು ಕಳೆದುಕೊಂಡವನು ಧಣಿಯೂ ಹೌದಲ್ಲ.

ಹೊಳೆಯ ದೃಶ್ಯದ ಬಗ್ಗೆ ಬರೆಯುವುದು ಕಷ್ಟ. ಮಗು ಮುಳುಗುತ್ತಿದೆ, ಜನ ದಡದಲ್ಲಿದ್ದಾರೆ. ನೋಡುತ್ತಾ ಕೂತ ನಮ್ಮನ್ನೂ ಚಿತ್ರ ದಡದಲ್ಲೇ ನಿಲ್ಲಿಸುತ್ತದೆ. ಮೇಲ್ಜಾತಿಯ ಪ್ರೇಕ್ಷಕನಿಗೆ ಅಲ್ಲಿ ತನ್ನ ಮುಖವೇ ಕಂಡು ಪಾಪಪ್ರಜ್ಞೆ ಕುಟುಕಬಹುದು, ಅದು ಚಿತ್ರದ ಗೆಲುವು. ಆದರೆ ನಾನು ಯಾವ ದಡದಲ್ಲಿ ನಿಲ್ಲಲಿ? ನನಗೆ ಅಲ್ಲಿ ಜಾಗವೇ ಇಲ್ಲ. ನಾನಿರುವುದು ನೀರಿನಲ್ಲಿ. ‘ಫ್ಯಾಂಡ್ರಿ’ಯ ಕೊನೆಯಲ್ಲಿ ಜಬ್ಯಾ ಎಸೆದ ಕಲ್ಲು ನೇರ ಕ್ಯಾಮೆರಾಗೇ ಬಂದು ಬಡಿಯುತ್ತದಲ್ಲ, ಅಲ್ಲೂ ಪೆಟ್ಟು ಬೀಳುವುದು ಪ್ರೇಕ್ಷಕನಿಗೇ, ಆದರೆ ಎಸೆಯುವ ಕೈಯ ಹಿಂದೆ ನಿಂತುಕೊಳ್ಳಲು ನನಗೊಂದು ಜಾಗವಿತ್ತು. 1975ರ ಚಿತ್ರ ನನ್ನಂಥವನೊಬ್ಬ ಟಿಕೀಟು ತಗೊಂಡು ಬಂದು ಕೂರುತ್ತಾನೆ ಅಂತ ಎಣಿಸಿಯೇ ಇರಲಿಲ್ಲ ಅನ್ನಿಸುತ್ತದೆ. ಭಾಷೆಯಲ್ಲೂ ಇದೇ. ತುಳುವಿನಲ್ಲಿ ಅಳಬೇಕಾದ, ಬೈಯಬೇಕಾದ ಜನ ಕನ್ನಡದಲ್ಲಿ ಅಳುತ್ತಾರೆ, ಬೈಯುತ್ತಾರೆ. ಕನ್ನಡದ ಚಿತ್ರ, ಇರಲಿ. ಆದರೂ ಯಾರಿಗೆ ತಿಳಿಯಲಿ ಅಂತ ಅವರು ಮಾತಾಡುತ್ತಿದ್ದಾರೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಕಾಲೇಜಿನಲ್ಲಿ ಹಾಕಿದ ದಿನ ಸೆಮಿನಾರ್ ಹಾಲಿನ ಕಿಟಕಿಗೆ ರಟ್ಟು ಅಂಟಿಸಿ ಕತ್ತಲೆ ಮಾಡಿಕೊಂಡಿದ್ದೆವು. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸಾರ್, ಇವರ ಕೇರಿ ಎಲ್ಲಿ?’ ಅಂದ. ಕರಾವಳಿಯಲ್ಲಿ ನಮ್ಮ ಹಾಗೆ ಒತ್ತೊತ್ತಾಗಿ ಕೇರಿ ಇರುವುದಿಲ್ಲಪ್ಪ, ಗುಡ್ಡಕ್ಕೊಂದು ಗುಡಿಸಲು ಅಂತ ಭೂಗೋಳ ಹೇಳಿದೆ. ಅವನು ಬಿಡಲಿಲ್ಲ. ‘ಅದಲ್ಲ ಸಾರ್, ನಂಟರು ಇರಲ್ವಾ? ಮಗ ಸತ್ತರೆ ಬರಲ್ವಾ? ಬೈಯೋಕಾದರೂ ಯಾರೂ ಇಲ್ವಾ?’ ಭೂಗೋಳದ ಉತ್ತರ ಅವನ ಪ್ರಶ್ನೆಗೆ ಸಾಲದು. ಬಂದುಹೋಗುವವರನ್ನು ಬಿಟ್ಟರೆ, ಚೋಮನ ಜೊತೆ ಜಗಳವಾಡುವ, ‘ಏ ಮುದುಕ, ನಿನಗ್ಯಾಕೆ ಗದ್ದೆ ಹುಚ್ಚು’ ಅಂತಲೋ ‘ನಡಿ, ನಾನೂ ಬರ್ತೀನಿ, ಕೇಳೇಬಿಡೋಣ’ ಅಂತಲೋ ಅನ್ನುವ ಅವನದೇ ಜಾತಿಯ ಒಬ್ಬ ಗೆಣೆಯ ನೆನಪಿನಲ್ಲಿ ಉಳಿಯುವುದಿಲ್ಲ. ಧಣಿಯ ಅಂಗಳದಿಂದ ನೋಡಿದರೆ ಆಳು ಯಾವಾಗಲೂ ಒಬ್ಬನೇ ಕಾಣಿಸುತ್ತಾನೆ, ಅವನು ಬರುವುದೇ ಒಬ್ಬನಾಗಿ. ಅವನು ಹಿಂತಿರುಗಿ ಹೋಗುವ ಲೋಕ ಅಲ್ಲಿಂದ ಕಾಣುವುದಿಲ್ಲ. ಒಂಟಿಯಾದವನು ದುರಂತ ನಾಯಕನಾಗುತ್ತಾನೆ. ನಾಲ್ಕು ಜನ ಜೊತೆಗಿದ್ದರೆ ಸಂಘವಾಗುತ್ತದೆ.

ಬೆಳ್ಳಿಯ ಮಾತೆತ್ತಿದ್ದು ಹುಡುಗಿಯೊಬ್ಬಳು. ‘ಸಾಲ ತೀರಿಸಿದ್ದು ಚೋಮ ಅಲ್ಲ ಸಾರ್, ಬೆಳ್ಳಿ. ಅದನ್ನು ಯಾಕೆ ಯಾರೂ ಬರೆಯಲ್ಲ?’ ನಿಜ. ಅಣ್ಣಂದಿರು ತೀರಿಸಲಾಗದ್ದನ್ನು ತೋಟದ ಒಡೆಯನ ಕೈಗೆ ಸಿಕ್ಕಿ ಅವಳ ಮೈ ತೀರಿಸಿತು. ಆ ಒಡೆಯನಿಗೆ ಯಾರೂ ಏನೂ ಅನ್ನಲಿಲ್ಲ. ರೈಟರ್ ಮನ್ವೇಲನ ಜೊತೆ ಅವಳನ್ನು ಕಂಡಾಗ ಮಾತ್ರ ಅಪ್ಪನಿಗೆ ಮಾನದ ನೆನಪಾಗಿ ಹೊಡೆದು ಹೊರಗಟ್ಟುತ್ತಾನೆ. ‘ಸಂಸ್ಕಾರ’ದ ಕಥೆಯಲ್ಲೂ ಹೊಲೆಯರ ಹುಡುಗಿಯ ಹೆಸರು ಬೆಳ್ಳಿಯೇ, ಅಲ್ಲಿ ಅವಳು ಬ್ರಾಹ್ಮಣ ಹುಡುಗನ ಆಸೆಗೆ ಒದಗುವ ಮೈ. ಸ್ವರ್ಣಕಮಲ ಪಡೆದ ಎರಡು ಕನ್ನಡ ಚಿತ್ರಗಳ ಹಿಂದೆ ಎರಡು ಬೆಳ್ಳಿಯರು, ಇಬ್ಬರ ಪಾಡೂ ಇದು. ಚೋಮನ ಮೇಲೆ ಬಂದ ಬರಹದ ಕಾಲುಭಾಗವಾದರೂ ಈ ಇಬ್ಬರ ಮೇಲೆ ಬಂದಿದ್ದರೆ ನಮ್ಮ ವಿಮರ್ಶೆಯ ಮುಖ ಬೇರೆ ಇರುತ್ತಿತ್ತು. ಪದ್ಮಾ ಕುಮಟಾ ಆ ಪಾತ್ರವನ್ನು ಎಷ್ಟು ಹಿಡಿತದಲ್ಲಿ ಮಾಡಿದ್ದಾರೆ ಅನ್ನುವುದನ್ನು ಗಮನಿಸಲಾದರೂ ಇನ್ನೊಮ್ಮೆ ನೋಡಿ.

ಇವೆಲ್ಲ ಹಳೇ ಕಥೆ, ಈಗ ಯಾರು ಉಳಬೇಡ ಅಂತಾರೆ ಅನ್ನುವವರಿದ್ದಾರೆ. ಅನ್ನುವುದಿಲ್ಲ, ಅರ್ಜಿ ಹಾಕು ಅನ್ನುತ್ತಾರೆ. ನಮ್ಮಪ್ಪ ಉಳುತ್ತಿರುವ ಒಂದೂವರೆ ಎಕರೆ ಬಗರ್‌ಹುಕುಂ ಜಮೀನಿಗೆ ನಮೂನೆ 53 ಹಾಕಿದ್ದ, ಆಮೇಲೆ 2018ರಲ್ಲಿ ನಮೂನೆ 57 ಬಂದಾಗ ಅದನ್ನೂ ಹಾಕಿದ. ಕಡತ ಇದೆ ಅನ್ನುತ್ತಾರೆ, ಸಿಕ್ಕಿಲ್ಲ. ಕಚೇರಿಯ ಮೆಟ್ಟಿಲಿನ ಹತ್ತಿರ ನಮ್ಮಪ್ಪನ ಬೆನ್ನು ತಾನಾಗಿ ಬಗ್ಗುವುದನ್ನು ನೋಡಿದಾಗಲೆಲ್ಲ ವಾಸುದೇವರಾಯರು ನೆನಪಾಗುತ್ತಾರೆ.

ಈ ಸಲದ ಆಂತರಿಕ ಪರೀಕ್ಷೆಗೆ ದುಡಿಯ ಪ್ರತಿಮೆಯ ಪ್ರಶ್ನೆ ಬಿಟ್ಟು, ಚೋಮ ನೆಲ ಉಳುವ ದೃಶ್ಯದ ಮೇಲೆ ಹತ್ತು ಅಂಕಕ್ಕೆ ಕೇಳಿದೆ. ಬಹಳ ಜನ ಕೊನೆಗೆ ದುಡಿಯ ಬಗ್ಗೆಯೇ ಬರೆದರು, ಅದು ಗೈಡಿನಲ್ಲಿದೆ. ಕೇರಿ ಎಲ್ಲಿ ಅಂದಿದ್ದ ಹುಡುಗ ಮಾತ್ರ ಅರ್ಧ ಪುಟ ಬರೆದು, ಕೆಳಗೆ ನನಗೇ ಒಂದು ಪ್ರಶ್ನೆ ಬರೆದಿಟ್ಟಿದ್ದ: ‘ಚೋಮ ಉತ್ತಿದ್ದು ಯಾರ ಹೆಸರಲ್ಲಿರೋ ಜಮೀನು ಸಾರ್? ಸರ್ವೆ ನಂಬರ್ ಎಷ್ಟು?’